ಒಂಬತ್ತನೇ ಸಾಲಿನ ಮಚ್ಚೆ

"ಪರೀಕ್ಷಕರು ಇದ್ದಾರಾ? ನನ್ನ ಸುಡೊಕುನ ಫೇಲ್ ಮಾಡಿದೋರು?"

ಬಾಗಿಲಲ್ಲಿ ನಿಂತವನ ಕೈಯಲ್ಲಿ ಮಡಿಸಿದ ಕಾಗದವಿತ್ತು. ಮುಖದಲ್ಲಿ ಜಗಳಕ್ಕೆ ಬಂದವನ ಬಿಗುವೂ ಇತ್ತು, ಜಗಳವಾಡಿ ಅಭ್ಯಾಸವಿಲ್ಲದವನ ಅಳುಕೂ ಇತ್ತು.

ಅವಳು ತಲೆಯೆತ್ತಲಿಲ್ಲ. ಪದಬಂಧ, ಸುಡೊಕು ಅಚ್ಚು ಹಾಕುವ ಈ ಪುಟ್ಟ ವಾರಪತ್ರಿಕೆಯ ಕಚೇರಿಗೆ ಹೀಗೆ ಬರುವವರು ಅಪರೂಪವೇನಲ್ಲ. ಪಜಲ್ ವಾಪಸ್ ಹೋದರೆ ಸಾಕು, ಹೆತ್ತ ಮಗುವನ್ನೇ ಶಾಲೆಯಿಂದ ಹೊರಗೆ ಹಾಕಿದಷ್ಟು ಸಿಟ್ಟು ಬರುತ್ತದೆ ಜನಕ್ಕೆ. ಬಂದ ಪಜಲ್‌ಗಳನ್ನೆಲ್ಲ ತಾನೇ ಬಿಡಿಸಿ ನೋಡಿ, ಅಚ್ಚಿಗೆ ಯೋಗ್ಯವೋ ಅಲ್ಲವೋ ಎಂದು ಬರೆಯುವುದು ಅವಳ ಕೆಲಸ. ಕೆಂಪು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದಳು. ಹಾಗಾಗಿ ಕಚೇರಿಯಲ್ಲಿ ಹೆಸರು ಹಿಡಿದು ಕರೆಯುವವರೇ ಇರಲಿಲ್ಲ, ಎಲ್ಲರ ಬಾಯಲ್ಲೂ ಅವಳು "ಕೆಂಪು ಪೆನ್ಸಿಲ್".

"ನಾನೇ. ಹೇಳಿ," ಎಂದಳು.

"ನೀವಾ?" ಅವನ ಸಿಟ್ಟು ಅರ್ಧ ಅಲ್ಲೇ ಇಳಿಯಿತು. "ನಾನು ಯಾರೋ ವಯಸ್ಸಾದೋರು ಅಂದ್ಕೊಂಡಿದ್ದೆ. 'ಇಲ್ಲಿ ಊಹೆ ಮಾಡದೆ ವಿಧಿಯಿಲ್ಲ, ಆದ್ದರಿಂದ ತಿರಸ್ಕೃತ.' ಹೀಗೆ ಬರೆಯೋಕೆ ಅರವತ್ತಾದ್ರೂ ದಾಟಿರಬೇಕಲ್ವಾ?"

ಅವಳು ಕಾಗದ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಕೆಳಗೆ "ಮಸೂರ" ಎಂಬ ಸಹಿ. ಮಸೂರ ಎಂದರೆ ಕೆಮ್ಮುತ್ತ, ಕಿವಿ ಸ್ವಲ್ಪ ಮಂದವಾಗಿರುವ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು ಎಂದು ಅವಳೂ ಎಂದೋ ತೀರ್ಮಾನಿಸಿಬಿಟ್ಟಿದ್ದಳು. ಎದುರಿಗೆ ನಿಂತಿದ್ದವನಿಗೆ ಕೆಮ್ಮೂ ಇರಲಿಲ್ಲ, ನಿವೃತ್ತಿಯ ವಯಸ್ಸೂ ಆಗಿರಲಿಲ್ಲ. ಶರ್ಟಿನ ಜೇಬಿನಲ್ಲಿ ಒಂದು ಚಿಕ್ಕ ಸ್ಕ್ರೂಡ್ರೈವರ್ ಮಾತ್ರ ಇಣುಕುತ್ತಿತ್ತು.

"ಊಹೆ ಬೇಕೇ ಬೇಕು. ಇಲ್ಲಿಗೆ ಬಂದ ಮೇಲೆ ದಾರಿ ಇಲ್ಲ," ಎಂದಳು.

"ಇದೆ. ಎರಡನೇ ಅಡ್ಡಸಾಲು ನೋಡಿ. ಐದು ಎಲ್ಲಿ ಕೂರಬಹುದು?"

"ಮೂರನೇ ಉದ್ದಸಾಲಲ್ಲಿ, ಇಲ್ಲಾ ಎಂಟನೇದರಲ್ಲಿ."

"ಏಳನೇ ಅಡ್ಡಸಾಲಲ್ಲಿ?"

"ಅಲ್ಲೂ ಮೂರನೇದು, ಇಲ್ಲಾ ಎಂ..." ಅವಳ ಮಾತು ಅಲ್ಲಿಗೇ ನಿಂತಿತು.

ಐದು ಮೇಲೆ ಎಡಕ್ಕೆ ಬಂದರೆ ಕೆಳಗೆ ಬಲಕ್ಕೆ ಬರಬೇಕು. ಮೇಲೆ ಬಲಕ್ಕಾದರೆ ಕೆಳಗೆ ಎಡಕ್ಕೆ. ಹೇಗೆ ಬಂದರೂ ಆ ಎರಡು ಉದ್ದಸಾಲುಗಳ ಐದರ ಕಥೆ ಅಲ್ಲಿಗೆ ಮುಗಿಯಿತು, ಅವುಗಳ ಉಳಿದ ಮನೆಗಳಿಂದ ಐದನ್ನು ಧಾರಾಳವಾಗಿ ಅಳಿಸಬಹುದು. ಸುಡೊಕು ಆಡುವವರು ಇದಕ್ಕೆ ಎಕ್ಸ್-ವಿಂಗ್ ಎನ್ನುತ್ತಾರೆ, ನಾಲ್ಕು ಮೂಲೆಗಳನ್ನು ಕೂಡಿಸಿದರೆ ಇಂಗ್ಲಿಷಿನ ಎಕ್ಸ್ ಆಗುತ್ತದೆಂದು. ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ. ಕಿವಿಯವರೆಗೆ ಬಿಸಿಯೇರಿತು.

ಅವಳು "ತಿರಸ್ಕೃತ" ಎಂಬುದನ್ನು ಹೊಡೆದುಹಾಕಿ "ಯೋಗ್ಯ" ಎಂದು ಬರೆದಳು. ಯೋಚಿಸುವಾಗಿನ ರೂಢಿಯಂತೆ ಪೆನ್ಸಿಲ್ಲಿನ ತುದಿಯನ್ನು ಗದ್ದಕ್ಕೆ ಒತ್ತಿಕೊಂಡು, "ಕ್ಷಮಿಸಿ. ನಂದೇ ತಪ್ಪು," ಎಂದಳು.

ಅವನಿಗೆ ಗೆದ್ದೆನೆಂಬ ಖುಷಿಗಿಂತ ಮುಜುಗರವೇ ಹೆಚ್ಚಾದಂತಿತ್ತು. ಏನಾದರೂ ಉಪಕಾರ ಮಾಡಿ ಸರಿದೂಗಿಸಬೇಕೆನಿಸಿರಬೇಕು, ಮೇಜಿನ ಮೇಲಿದ್ದ ರಬ್ಬರ್ ಎತ್ತಿ ಅವಳತ್ತ ಚಾಚಿದ.

"ನಿಮ್ಮ ಗದ್ದದ ಮೇಲೆ ಪೆನ್ಸಿಲ್ ಗುರುತಾಗಿದೆ."

"ಅದು ಮಚ್ಚೆ."

"ಹಾಂ?"

"ಮಚ್ಚೆ ಕಣ್ರೀ. ಅಳಿಸಿದ್ರೂ ಹೋಗಲ್ಲ. ಹುಟ್ಟಿದಾಗಿಂದ ಇದೆ."

ಅವನು ರಬ್ಬರನ್ನು ಎಲ್ಲಿಂದ ಎತ್ತಿದ್ದನೋ ಅಲ್ಲಿಗೇ ಬಹಳ ಜೋಪಾನವಾಗಿ ಇಟ್ಟ. ಹಿಂದಿನ ಮೇಜಿನ ಪದಬಂಧದವರು ಕೆಮ್ಮಿದಂತೆ ಮಾಡಿ ನಕ್ಕರು. ಅವನು ಹೋದ ಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ.

*

ಅವನ ಕನ್ನಡಕದಂಗಡಿ ಕಚೇರಿಯಿಂದ ಎರಡು ಬೀದಿಯಾಚೆ, ಬಸ್ ನಿಲ್ದಾಣದ ಎದುರಿಗಿತ್ತು. ಅಲ್ಲಿಯವರೆಗೆ ಅಂಚೆಯಲ್ಲಿ ಬರುತ್ತಿದ್ದ ಮಸೂರನ ಪಜಲ್‌ಗಳು ಆಮೇಲೆ ಗುರುವಾರ ಗುರುವಾರ ಅವನ ಕೈಯಲ್ಲೇ ಬರತೊಡಗಿದವು. "ಅಂಚೆಯೋರು ಮಡಿಸಿಬಿಡ್ತಾರೆ," ಎನ್ನುತ್ತಿದ್ದ, ತಾನೇ ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ತಂದ ಕಾಗದವನ್ನು ಬಿಡಿಸುತ್ತ.

ಇಬ್ಬರಿಗೂ ಜಗಳವಾಡಲು ಒಳ್ಳೆಯ ವಿಷಯವೊಂದು ಸಿಕ್ಕಿತ್ತು. ಅವಳು ಪಜಲ್ ಕೈಗೆ ಬಂದೊಡನೆ ಪ್ರತಿ ಖಾಲಿ ಮನೆಯಲ್ಲೂ ಅಲ್ಲಿ ಬರಬಹುದಾದ ಅಂಕಿಗಳನ್ನೆಲ್ಲ ಸಣ್ಣದಾಗಿ ಬರೆದುಬಿಡುವವಳು. ಒಂದು ಮೇಲಿನ ಎಡಮೂಲೆಗೆ, ಐದು ನಟ್ಟನಡುವೆ, ಒಂಬತ್ತು ಕೆಳಗಿನ ಬಲಮೂಲೆಗೆ. ಈ ಅಭ್ಯರ್ಥಿಗಳನ್ನು ಒಂದೊಂದಾಗಿ ಅಳಿಸುತ್ತ ಹೋಗಿ ಕೊನೆಗೆ ಉಳಿದದ್ದೇ ಉತ್ತರ. ಅವನು ಹಾಗಲ್ಲ. ಒಂದು ಅಂಕಿಗೆ ಎರಡೇ ಜಾಗ ಉಳಿದಾಗ ಮಾತ್ರ ಮೂಲೆಯಲ್ಲಿ ಚುಕ್ಕೆಯಷ್ಟು ಗುರುತು, ಮಿಕ್ಕಿದ್ದೆಲ್ಲ ತಲೆಯಲ್ಲಿ.

"ಇದೇನ್ರೀ, ಮನೆ ತುಂಬ ನೆಂಟರು! ಕಾಲಿಡೋಕೆ ಜಾಗ ಇಲ್ಲ," ಎಂದು ಅವನು ಅವಳ ಕಾಗದ ನೋಡಿ ಛೇಡಿಸುತ್ತಿದ್ದ.

"ನಿಮ್ಮ ಮನೆಗಳಲ್ಲಿ ಒಬ್ಬರೂ ಇಲ್ಲ. ಪಾಳು ಬಿದ್ದಿವೆ."

"ಅದಕ್ಕೇ ಪಟದ ಅಂದ ಕಾಣೋದು. ನೀವು ಅಂಕಿಗಳನ್ನ ನೋಡ್ತೀರಿ, ಪಟಾನ ನೋಡಲ್ಲ."

"ಪಟ ನೋಡಿ ಬಿಡಿಸೋಕೆ ಇದೇನು ರಂಗೋಲಿನಾ?"

ಮನೆಗಳ ವಿಳಾಸದ ವಿಷಯದಲ್ಲಿ ಮಾತ್ರ ಇಬ್ಬರಲ್ಲೂ ಒಮ್ಮತವಿತ್ತು. ಪತ್ರಿಕೆಯ ಪದ್ಧತಿಯಲ್ಲಿ "ಅ" ಎಂದರೆ ಅಡ್ಡಸಾಲು, "ಉ" ಎಂದರೆ ಉದ್ದಸಾಲು. ಅ9-ಉ5 ಎಂದರೆ ಮೇಲಿನಿಂದ ಒಂಬತ್ತನೇ ಅಡ್ಡಸಾಲೂ ಎಡದಿಂದ ಐದನೇ ಉದ್ದಸಾಲೂ ಕೂಡುವ ಮನೆ. "ಅ3-ಉ2ರಲ್ಲಿ ಆರು ಬರಲ್ಲ, ಗೊತ್ತಾ?" ಎಂದು ಅವನು ಬೀದಿಯಿಂದಲೇ ಕಿಟಕಿಯ ಕಡೆ ಕೂಗಿ ಹೋಗುವುದು, "ಗೊತ್ತು, ಹೋಗ್ರೀ!" ಎಂದು ಇವಳು ಒಳಗಿಂದ ಉತ್ತರಿಸುವುದು, ಪದಬಂಧದವರು ಕಣ್ಣು ಮಿಟುಕಿಸುವುದು, ಇವೆಲ್ಲ ಕಚೇರಿಯ ದಿನಚರಿಯೇ ಆಗಿಹೋದವು.

ಮನೆಯಲ್ಲಿ ಚಿಕ್ಕಮ್ಮನಿಗೆ ವಾಸನೆ ಹತ್ತದೇ ಇರುತ್ತದೆಯೇ? ಅವಳನ್ನು ಸಾಕಿ ಬೆಳೆಸಿದ್ದೇ ಚಿಕ್ಕಮ್ಮ. ಬಟ್ಟೆ ಹೊಲಿಯುತ್ತ, ಹೊಲಿಗೆ ಯಂತ್ರದ ಸದ್ದಿಗಿಂತ ಒಂದು ಸ್ವರ ಮೇಲೆ ಮಾತಾಡುವ ಹೆಂಗಸು.

"ಗುರುವಾರ ಬಂತು ಅಂದ್ರೆ ಆ ನೀಲಿ ಬಟ್ಟೆನೇ ಯಾಕೆ ಬೇಕೇ ನಿಂಗೆ?"

"ಕೈಗೆ ಸಿಕ್ಕಿದ್ದು ಹಾಕ್ಕೊಂಡೆ ಚಿಕ್ಕಮ್ಮ."

"ಹೂಂ ಹೂಂ. ಪ್ರತಿ ಗುರುವಾರ ಅದೇ ಕೈಗೆ ಸಿಗುತ್ತೆ. ನಾನು ತಂದ ಗಂಡುಗಳನ್ನೆಲ್ಲ ನಿನ್ನ ಸುಡೊಕು ಥರ ಒಂದೊಂದಾಗಿ ಅಳಿಸಿ ಹಾಕ್ದೆ. ಈಗ ಉಳಿದಿರೋನು ಯಾರು ಅಂತ ನಾನು ಕೇಳಲ್ಲ, ಬಿಡು."

ಕೇಳುವುದಿಲ್ಲ ಎಂದವಳು ಅಂದು ಊಟ ಮುಗಿಯುವುದರೊಳಗೆ ಮೂರು ಸಲ ಕೇಳಿದಳು.

*

"ಕಾಗದನ ಇಷ್ಟು ಹತ್ರ ಹಿಡಿದು ನೋಡ್ತೀರಲ್ಲ, ಅವತ್ತು ನನ್ನ ಎಕ್ಸ್-ವಿಂಗ್ ಕಾಣದೇ ಇದ್ದಿದ್ದಕ್ಕೆ ಕಾರಣ ಬುದ್ಧಿ ಅಲ್ಲ, ಕಣ್ಣು," ಎಂದು ಒಂದು ದಿನ ಅವನೇ ಅಂಗಡಿಗೆ ಕರೆದುಕೊಂಡು ಹೋದ.

ಉದ್ದನೆಯ ಕಿರಿದಾದ ಅಂಗಡಿ. ಒಂದು ಗೋಡೆಯ ತುಂಬ ಫ್ರೇಮುಗಳು, ಇನ್ನೊಂದು ಗೋಡೆಯ ತುಂಬ ಕನ್ನಡಿ. ಒಳಗೆ ಪರದೆಯ ಹಿಂದೆ ಪರೀಕ್ಷೆಯ ಎತ್ತರದ ಕುರ್ಚಿ. ಅವನು ಅವಳ ಮೂಗಿನ ಮೇಲೆ ಭಾರವಾದ ಗುಂಡು ಚೌಕಟ್ಟೊಂದನ್ನು ಕೂರಿಸಿ, ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಮಸೂರಗಳನ್ನು ಒಂದೊಂದಾಗಿ ಸಿಕ್ಕಿಸಿದ.

"ಇದು ಚೆನ್ನಾಗಿದೆಯಾ, ಇದಾ?"

"ಮೊದಲನೇದು."

"ಈಗ? ಇದಾ, ಇದಾ?"

"ಎರಡೂ ಒಂದೇ ಥರ ಇದೆ."

"ಎರಡೂ ಒಂದೇ ಥರ ಇರೋಕಾಗಲ್ಲ. ಸರಿಯಾಗಿ ನೋಡಿ ಹೇಳಿ. ಅವಸರ ಇಲ್ಲ."

ಅವಳು ಸರಿಯಾಗಿ ನೋಡಿದಳು. ಮಬ್ಬಾಗಿದ್ದ ಅಕ್ಷರಗಳು ತಿಳಿಯಾದವು, ಅವುಗಳ ಜೊತೆಗೆ ಗೇಣು ದೂರದಲ್ಲಿ ಬಾಗಿ ನಿಂತಿದ್ದ ಅವನ ಮುಖವೂ. ಎಡಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗೆರೆ. ಉಸಿರು ಹಿಡಿದುಕೊಂಡು ಕೆಲಸ ಮಾಡುವಾಗ ತುಟಿಯ ಒಂದು ಕೊನೆಯನ್ನು ಕಚ್ಚಿಕೊಳ್ಳುವ ಚಾಳಿ. ಇಷ್ಟು ದಿನ ಇವೆಲ್ಲ ಎಲ್ಲಿದ್ದವು? ಅವನೂ ಕೈಯಲ್ಲಿದ್ದ ಮಸೂರವನ್ನು ಮರೆತು ನೋಡುತ್ತಿದ್ದ. ನೋಟ ಜಾರಿ ಗದ್ದದ ಮಚ್ಚೆಯ ಮೇಲೆ ನಿಂತಿತು. ಅವನು ತಟ್ಟನೆ ತಿರುಗಿ ಮಸೂರಗಳ ಪೆಟ್ಟಿಗೆಯಲ್ಲಿ ಏನನ್ನೋ ಹುಡುಕತೊಡಗಿದ. ಅಲ್ಲಿ ಏನೂ ಕಳೆದುಹೋಗಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಗುಂಡಗಿನ ಫ್ರೇಮೊಂದನ್ನು ಅವನೇ ಆರಿಸಿದ. ಅದನ್ನು ಹಾಕಿಕೊಂಡು ಮನೆಗೆ ಹೋಗುವಾಗ ಬೀದಿ, ಬಸ್ಸು, ಎಲೆ, ಜನರ ಮುಖ ಎಲ್ಲ ಯಾರೋ ಒರೆಸಿಟ್ಟಂತೆ ಹೊಳೆಯುತ್ತಿದ್ದವು. ತನಗೆ ಅವನೆಂದರೆ ಇಷ್ಟ ಎಂದು ಅವಳು ಬಸ್ಸಿನಲ್ಲಿ ಕೂತು ಮೊದಲ ಬಾರಿಗೆ ತನ್ನೊಳಗೇ ಒಪ್ಪಿಕೊಂಡಳು. ಬಹಳ ಇಷ್ಟ. ಅವನಿಗೂ ಹಾಗೆಯೇ ಇದೆಯೋ ಇಲ್ಲವೋ ಎಂಬುದಕ್ಕೆ ಮಾತ್ರ ಅವಳ ಬಳಿ ಪುರಾವೆಯಿರಲಿಲ್ಲ. ಪುರಾವೆಯಿಲ್ಲದೆ ಒಂದು ಅಂಕಿಯನ್ನೂ ಬರೆಯದವಳು ಅವಳು.

*

ಪತ್ರಿಕೆಯ ವಾರ್ಷಿಕ ಸ್ಪರ್ಧೆ ಹತ್ತಿರ ಬಂತು. ಅಂತಿಮ ಸುತ್ತಿನ ಸುಡೊಕು ಮಾಡುವ ಗೌರವ ಈ ಸಲ ಮಸೂರನಿಗೆ. "ಹೆಸರು ಉಳಿಸಪ್ಪಾ, ಊರವರೆಲ್ಲ ನೋಡ್ತಿರ್ತಾರೆ," ಎಂದಿದ್ದರು ಸಂಪಾದಕರು. ಅವನು ಒಂದು ಗುರುವಾರ ಕಚೇರಿಗೆ ಬರುವುದನ್ನೂ ತಪ್ಪಿಸಿ ಕೂತು ಮಾಡಿದ. ತಂದುಕೊಟ್ಟಾಗ ಅವಳ ಮುಖ ನೋಡಲಿಲ್ಲ.

"ನಿಧಾನವಾಗಿ ನೋಡಿ," ಎಂದಷ್ಟೇ ಹೇಳಿ ಹೊರಟುಹೋದ.

ಅವಳು ಎಂದಿನಂತೆ ಖಾಲಿ ಮನೆಗಳನ್ನೆಲ್ಲ ಅಭ್ಯರ್ಥಿಗಳಿಂದ ತುಂಬಿದಳು. ಎಂಥ ಪಜಲ್ ಅದು! ಒಂದು ಗಂಟು ಬಿಚ್ಚಿದರೆ ಮುಂದಿನ ಗಂಟು ತಾನಾಗಿ ಕೈಗೆ ಬರುವಂತೆ ಹೆಣೆದಿದ್ದ. ಕೊನೆಗೆ ಬಂದು ಒಂದೆಡೆ ಅವಳು ನಿಂತಳು. ಕೆಳಗಿನ ಎರಡು ಅಡ್ಡಸಾಲುಗಳು ಎರಡು ಉದ್ದಸಾಲುಗಳನ್ನು ಕೂಡುವ ನಾಲ್ಕು ಮನೆಗಳು. ಅವುಗಳ ಪೈಕಿ ಮೂರು ಮನೆಗಳಲ್ಲಿ ಮೂರೋ ಏಳೋ ಅಂಕಿ ಮಾತ್ರ ಬರಬಹುದು. ನಾಲ್ಕನೆಯದು ಅ9-ಉ5. ಅಲ್ಲಿ ಮೂರು, ಏಳು, ಜೊತೆಗೆ ಒಂಬತ್ತು.

ಆಟಗಾರರಿಗೆ ಇಲ್ಲೊಂದು ಚಂದದ ಉಪಾಯವಿದೆ. ನಾಲ್ಕನೇ ಮನೆಗೂ ಮೂರೋ ಏಳೋ ಬಂದರೆ, ಆ ನಾಲ್ಕು ಮನೆಗಳಲ್ಲಿ ಮೂರು-ಏಳುಗಳನ್ನು ಅದಲುಬದಲು ಮಾಡಿದರೂ ಯಾವ ನಿಯಮವೂ ಮುರಿಯುವುದಿಲ್ಲ. ಅಂದರೆ ಒಂದಕ್ಕೆರಡು ಉತ್ತರ. ಸುಡೊಕುವಿಗೆ ಒಂದೇ ಉತ್ತರ ಇರಬೇಕಲ್ಲ? ಹಾಗಾದರೆ ಅಲ್ಲಿ ಒಂಬತ್ತೇ. ಯೂನಿಕ್ ರೆಕ್ಟ್ಯಾಂಗಲ್ ಎನ್ನುತ್ತಾರೆ ಇದಕ್ಕೆ. ಆಟಗಾರರು ಇದನ್ನು ಬಳಸಬಹುದು. ಪರೀಕ್ಷಕರು ಮಾತ್ರ ಬಳಸಬಾರದು. ಒಂದೇ ಉತ್ತರವಿದೆಯೇ ಎಂದು ನೋಡುವುದೇ ಅವರ ಕೆಲಸವಾಗಿರುವಾಗ, ಒಂದೇ ಇದೆ ಎಂದು ಮೊದಲೇ ನಂಬಿ ಹೊರಟರೆ ಪರೀಕ್ಷೆ ಏನಾಯಿತು?

ಇದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಹೊಸದಾಗಿ ಸೇರಿದವರಿಗೆ ಅವಳೇ ಇದನ್ನು ಹೇಳಿಕೊಡುತ್ತಿದ್ದಳು. ಆದರೆ ಅಂದು ಅವಳ ಮನಸ್ಸು ಮೆತ್ತಗಿತ್ತು. ಅವನ ಪಜಲ್‌ಗೆ ಎರಡು ಉತ್ತರವೇ? ಸಾಧ್ಯವೇ ಇಲ್ಲ. ಅವನು ಅಂಥವನಲ್ಲ. ಕೈ ತಾನಾಗಿ ಒಂಬತ್ತು ಬರೆಯಿತು. ಮುಂದಿನದೆಲ್ಲ ನೀರಿನಂತೆ ಹರಿದು, ಅವನು ಕೊಟ್ಟ ಉತ್ತರದೊಂದಿಗೆ ಒಂದು ಅಂಕಿಯೂ ಬಿಡದೆ ತಾಳೆಯಾಯಿತು. "ಯೋಗ್ಯ" ಎಂದು ಬರೆದು ಅಡಿಗೆರೆಯನ್ನೂ ಎಳೆದಳು.

"ಹೇಗಿತ್ತು?" ಮರುದಿನ ಅವನು ಬಾಗಿಲಲ್ಲೇ ಕೇಳಿದ. "ಏನಾದ್ರೂ ಕಾಣ್ತಾ?"

"ಹೂಂ. ಕೆಳಗಿನ ಎರಡು ಸಾಲುಗಳ ಹತ್ರ ಸ್ವಲ್ಪ ತಿಣುಕಾಡಿಸ್ತು."

"ಅಷ್ಟೇನಾ?"

"ಇನ್ನೇನು ಕಾಣಬೇಕಿತ್ತು?"

"ಏನಿಲ್ಲ," ಎಂದು ಅವನು ಪೆಚ್ಚಾಗಿ ನಕ್ಕ. ಅದು ಯಾಕೆಂದು ಅವಳಿಗೆ ತಿಳಿಯಲಿಲ್ಲ.

*

ಶಾಲೆಯ ಸಭಾಂಗಣದಲ್ಲಿ ಸ್ಪರ್ಧೆ. ಸಾಲುಸಾಲು ಮೇಜು, ಗೋಡೆಯ ಗಡಿಯಾರ, ಪೆನ್ಸಿಲ್ ಗೀಚುವ ಸದ್ದು. ಅಂತಿಮ ಸುತ್ತಿನಲ್ಲಿ ಒಬ್ಬ ನರ್ಸ್ ಮತ್ತು ಒಬ್ಬ ಬಸ್ ಡ್ರೈವರ್ ಒಂದೇ ಗಳಿಗೆಯಲ್ಲಿ ಕೈಯೆತ್ತಿದರು. ಸಂಪಾದಕರು ಎರಡೂ ಕಾಗದ ತಂದು ಅವಳ ಮುಂದಿಟ್ಟರು. ನರ್ಸಿನದು ಸರಿಯಿತ್ತು. ಡ್ರೈವರನದರಲ್ಲಿ ಅ9-ಉ5ರಲ್ಲಿ ಮೂರು. ತಪ್ಪು ಎಂದು ಗೀಟು ಹಾಕಲು ಪೆನ್ಸಿಲ್ ಊರಿದಳು, ಊರಿದ ಕೈ ಹಾಗೇ ನಿಂತಿತು. ಅಡ್ಡಸಾಲು ನೋಡಿದಳು, ಉದ್ದಸಾಲು ನೋಡಿದಳು, ಚೌಕ ನೋಡಿದಳು. ಎಲ್ಲ ಸರಿಯಿತ್ತು.

ಮೂರು ನಡೆದರೆ ಏಳೂ ನಡೆಯುತ್ತದೆ. ಒಂದಲ್ಲ, ಎರಡಲ್ಲ, ಮೂರು ಉತ್ತರ.

"ಏನಮ್ಮಾ, ಯಾರದ್ದು ಸರಿ?" ಸಂಪಾದಕರು ಪಿಸುಗುಟ್ಟಿದರು.

"ಇಬ್ಬರದ್ದೂ, ಸರ್."

ಸುದ್ದಿ ಮೇಜಿನಿಂದ ಮೇಜಿಗೆ ಹಾರಿತು. ಯಾರೋ ನಕ್ಕರು, ಯಾರೋ "ಪತ್ರಿಕೆಯವರಿಗೇ ಸುಡೊಕು ಬರಲ್ವಂತೆ" ಎಂದರು. ಬಹುಮಾನವನ್ನು ಇಬ್ಬರಿಗೂ ಹಂಚಿ ಸಂಪಾದಕರು ಹೇಗೋ ಮಾನ ಉಳಿಸಿಕೊಂಡರು. ಅವಳು ಹಿಂದಿನ ಸಾಲಿನತ್ತ ನೋಡಿದಳು. ಅವನು ಎದ್ದು ನಿಂತಿದ್ದ, ಮುಖದಲ್ಲಿ ರಕ್ತವಿರಲಿಲ್ಲ. ಕಣ್ಣು ಕೂಡಿದ್ದೇ ತಡ, ತಲೆ ತಗ್ಗಿಸಿ ಹೊರಗೆ ನಡೆದುಬಿಟ್ಟ.

ಮರುದಿನ ಬೆಳಿಗ್ಗೆ ಅವಳು ಸಂಪಾದಕರ ಮುಂದೆ ನಿಂತಳು. "ತಪ್ಪು ನಂದು ಸರ್. ಪರೀಕ್ಷೆ ಮಾಡೋವಾಗ ಬಳಸಬಾರದ ಉಪಾಯ ಬಳಸ್ದೆ."

"ಅವನೂ ಆಗಲೇ ಫೋನ್ ಮಾಡಿ ತಪ್ಪು ನಂದೇ ಅಂದ. ಇನ್ನು ಮುಂದೆ ಪಜಲ್ ಕಳಿಸಲ್ಲ, ನಿಮ್ಮ ಪರೀಕ್ಷಕರಿಗೆ ಮುಖ ತೋರಿಸೋಕೂ ಆಗಲ್ಲ ಅಂತಾನೆ," ಎಂದು ಸಂಪಾದಕರು ಹಣೆ ಒತ್ತಿಕೊಂಡರು. "ಇದಕ್ಕೂ ಎರಡು ಉತ್ತರನಾ? ನನ್ನ ತಲೆ ತಿನ್ನಬೇಡಿ ನೀವಿಬ್ಬರೂ. ಮುಂದಿನ ಸಂಚಿಕೆಗೆ ಆ ಪಜಲ್ ಸರಿ ಮಾಡಿ ಹಾಕಬೇಕು, ಅಷ್ಟೇ ನಂಗೆ ಬೇಕಾಗಿರೋದು."

ಕೆಲಸ ಉಳಿಯಿತು. ಆದರೆ ಗುರುವಾರ ಬಂದು ಹೋಯಿತು, ಅವನು ಬರಲಿಲ್ಲ. ನೀಲಿ ಬಟ್ಟೆ ಹಾಕಿಕೊಂಡು ಬಂದವಳು ದಿನವಿಡೀ ಕಿಟಕಿಯ ಕಡೆ ಕಿವಿಯಿಟ್ಟು ಕೂತಿದ್ದಳು. ಬೀದಿಯಲ್ಲಿ ಯಾವ ಮನೆಯ ವಿಳಾಸವನ್ನೂ ಯಾರೂ ಕೂಗಲಿಲ್ಲ. ಅವನು ತನ್ನನ್ನು ನಂಬಿ ಪಜಲ್ ಕೊಟ್ಟ, ತಾನು ಅವನ ಮಾನ ಕಳೆದೆ, ಇನ್ನು ಅವನು ಬರುವುದಿಲ್ಲ. ಹೇಳಬೇಕಾದದ್ದನ್ನು ಹೇಳುವ ಮೊದಲೇ ಎಲ್ಲ ಮುಗಿಯಿತು. ಹೀಗೆ ಒಂದಾದ ಮೇಲೊಂದು ತೀರ್ಮಾನ ಮಾಡಿಕೊಂಡು, ಬಸ್ಸಿನಲ್ಲಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

*

ಆ ಸಂಜೆ ಮನೆಯಲ್ಲಿ ಸ್ಪರ್ಧೆಯ ಮಿಕ್ಕಿದ ಪ್ರತಿಯೊಂದನ್ನು ಹರಡಿಕೊಂಡು ಕೂತಳು. ಈ ಪಜಲನ್ನು ಉಳಿಸಲು ಯಾವ ಸುಳಿವು ಸೇರಿಸಿದರೆ ಸಾಕು? ಹೆಚ್ಚು ಯೋಚಿಸಬೇಕಾಗಲಿಲ್ಲ. ಅ9-ಉ5ರಲ್ಲಿ ಒಂಬತ್ತನ್ನು ಮೊದಲೇ ಕೊಟ್ಟುಬಿಟ್ಟರೆ ಮೂರು, ಏಳು ಎರಡಕ್ಕೂ ಬಾಗಿಲು ಮುಚ್ಚುತ್ತದೆ. ಅಲ್ಲಿ ಕೆಂಪು ಪೆನ್ಸಿಲ್ಲಿನಲ್ಲಿ ಒಂಬತ್ತು ಬರೆದು ಸುತ್ತ ದಪ್ಪಗೆ ಸೊನ್ನೆ ಸುತ್ತಿದಳು. ಉಳಿದ ಮನೆಗಳು ಅಚ್ಚಾದಂತೆಯೇ ಇದ್ದವು, ಈ ಸಲ ಅವಳು ಅಭ್ಯರ್ಥಿಗಳನ್ನು ತುಂಬಿರಲಿಲ್ಲ.

ಚಿಕ್ಕಮ್ಮ ದಾರ ಕಚ್ಚುತ್ತ ಹಿಂದಿನಿಂದ ಬಗ್ಗಿ ನೋಡಿದಳು. ಸುಡೊಕುವಿನ ತಲೆಬುಡ ಗೊತ್ತಿಲ್ಲದ ಹೆಂಗಸು.

"ಏನೇ ಇದು, ನಿನ್ನ ಮುಖ ನೀನೇ ಬರ್ಕೊಂಡು ಕೂತಿದೀಯ?"

"ಯಾವ ಮುಖ?"

"ಅಯ್ಯೋ, ಕಣ್ಣಿಗೆ ಕನ್ನಡಕ ಬೇರೆ ಇದೆ ನಿಂಗೆ! ನೋಡು, ಅಂಕಿ ಇರೋ ಮನೆಗಳನ್ನ ಮಾತ್ರ ನೋಡು. ಇಲ್ಲೊಂದು ಗುಂಡು, ಇಲ್ಲೊಂದು ಗುಂಡು, ಮಧ್ಯೆ ಮೂಗಿನ ಮೇಲೆ ಕೂರೋ ಒಂದು ಕೊಂಡಿ. ನಿನ್ನ ಹೊಸ ಕನ್ನಡಕಾನೇ ಅಲ್ವಾ? ಇಲ್ಲಿ ಕೆಳಗೆ ಕೆಂಪಗೆ ಇಟ್ಟಿದೀಯಲ್ಲ, ಇದು ನಿನ್ನ ಗದ್ದದ ಮಚ್ಚೆ."

ಅವಳು ಕಾಗದವನ್ನು ತೋಳಿನುದ್ದ ದೂರ ಹಿಡಿದಳು. ಅಂಕಿಗಳು ಅಂಕಿಗಳಾಗಿ ಕಾಣುವುದು ನಿಂತಿತು. ಎರಡು ಗುಂಡು ಗಾಜು, ನಡುವೆ ಒಂದೇ ಒಂದು ಅಂಕಿಯ ಕೊಂಡಿ, ನೇರ ಅದರ ಕೆಳಗೆ ಒಂಬತ್ತನೇ ಸಾಲಿನಲ್ಲಿ ಒಂದು ಮಚ್ಚೆ. ಆ ಮಚ್ಚೆ ಅವಳು ಇಟ್ಟದ್ದು. ಆದರೆ ಅದಿಲ್ಲದೆ ಪಜಲ್ ನಿಲ್ಲುವುದಿಲ್ಲ. ಅಂದರೆ ಅದು ಮೊದಲು ಅಲ್ಲೇ ಇತ್ತು. ಯಾರೋ ಆಮೇಲೆ ಅಳಿಸಿದ್ದಾರೆ.

"ಚಿಕ್ಕಮ್ಮ," ಎಂದಳು.

"ಗೊತ್ತಾಯ್ತು ಬಿಡು. ನಾಳೆ ಬೆಳಿಗ್ಗೆ ಹೋಗು. ನೀಲಿ ಬಟ್ಟೆ ಇಸ್ತ್ರಿ ಮಾಡಿಡ್ತೀನಿ."

*

ಅವನು ಅಂಗಡಿಯ ಬಾಗಿಲು ತೆಗೆಯುತ್ತಿದ್ದಂತೆಯೇ ಅವಳು ಒಳಗೆ ನುಗ್ಗಿ, ಪರದೆ ಸರಿಸಿ, ಪರೀಕ್ಷೆಯ ಕುರ್ಚಿಯಲ್ಲಿ ಕೂತುಬಿಟ್ಟಳು. ಅವನು ಕೀಲಿಕೈ ಹಿಡಿದುಕೊಂಡೇ ಹಿಂದೆ ಬಂದ.

"ಕನ್ನಡಕ ಸರಿ ಇಲ್ವಾ?"

"ಕನ್ನಡಕ ಸರಿಯಾಗೇ ಇದೆ. ಒಂಬತ್ತನ್ನ ಯಾಕೆ ಅಳಿಸಿದ್ರಿ?"

ಅವನು ಕೀಲಿಕೈಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಕಿವಿಗಳು ಕೆಂಪಾದವು.

"ಕಾಣ್ತಾ?"

"ಚಿಕ್ಕಮ್ಮನಿಗೆ ಕಾಣ್ತು. ಯಾಕೆ ಅಳಿಸಿದ್ರಿ ಹೇಳಿ."

"ಅದು ಇದ್ದಿದ್ರೆ ಎಲ್ಲರಿಗೂ ಗೊತ್ತಾಗ್ತಿತ್ತು. ಸಂಪಾದಕರಿಗೆ, ಆ ಪದಬಂಧದೋರಿಗೆ, ಸ್ಪರ್ಧೆಗೆ ಬಂದೋರಿಗೆಲ್ಲ. ಬರೀ ಕನ್ನಡಕ ಆದ್ರೆ ಯಾರದ್ದು ಬೇಕಾದ್ರೂ ಆಗಬಹುದು, ಕನ್ನಡಕದಂಗಡಿಯವನು ಕನ್ನಡಕ ಬರೆದ ಅಂತ ಬಿಡ್ತಾರೆ. ಗದ್ದದ ಮಚ್ಚೆ ನಿಮ್ಮೊಬ್ಬರದೇ." ಅವನು ನೆಲ ನೋಡುತ್ತ ಹೇಳಿದ. "ಕೊಡೋಕೆ ಬರೋವಾಗ ದಾರೀಲಿ ಧೈರ್ಯ ಕೈ ಕೊಡ್ತು. ಬಸ್ ಸ್ಟಾಪಲ್ಲಿ ನಿಂತು ಅಳಿಸ್ದೆ."

"ಅಳಿಸಿದ ಮೇಲೆ ಇನ್ನೊಂದು ಸಲ ಬಿಡಿಸಿ ನೋಡ್ಲಿಲ್ವಾ?"

"ನೀವಿದ್ದೀರಲ್ಲ ಅಂದ್ಕೊಂಡೆ. ತಪ್ಪಿದ್ರೆ ಕೆಂಪು ಪೆನ್ಸಿಲ್ಲಲ್ಲಿ ಬರೆದು ಮುಖಕ್ಕೆ ಹೊಡೀತಾರೆ, ಅವರ ಕಣ್ಣು ತಪ್ಪಿಸಿ ಏನೂ ಹೋಗಲ್ಲ ಅಂತ."

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ನಾನು ನೋಡ್ಲೇ ಇಲ್ಲ. ನಿಮ್ಮ ಪಜಲ್ ತಪ್ಪಾಗೋಕೆ ಸಾಧ್ಯವೇ ಇಲ್ಲ ಅಂತ ಒಂಬತ್ತು ಬರೆದುಬಿಟ್ಟೆ. ನೀವು ಅಳಿಸಿದ್ದನ್ನ ನಾನೇ ವಾಪಸ್ ಇಟ್ಟಿದೀನಿ, ನನಗೇ ಗೊತ್ತಿಲ್ದೆ."

ಮೊದಲು ಅವನಿಗೆ ನಗು ಬಂತು, ಆಮೇಲೆ ಅವಳಿಗೆ. ಇಬ್ಬರೂ ಅಷ್ಟೂ ದಿನದ ದುಗುಡ ಇಳಿಯುವಷ್ಟು ನಕ್ಕರು. ಹೊರಗೆ ಬಸ್ಸಿಗೆ ಕಾಯುತ್ತಿದ್ದ ಮುದುಕರೊಬ್ಬರು ಒಳಗೆ ಇಣುಕಿ ನೋಡಿಹೋದರು.

ನಗು ನಿಂತಾಗ ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಈಗ ಹೇಳಿ."

"ಎಲ್ಲ ಹೇಳಿದ್ನಲ್ಲ."

"ಎಲ್ಲಿ ಹೇಳಿದ್ರಿ? ಕನ್ನಡಕ ಇದೆ, ಮಚ್ಚೆ ಇದೆ. ಅದರ ಅರ್ಥ ಏನು ಅಂತ ನಾನೇ ಊಹೆ ಮಾಡ್ಕೊಳ್ಳಲಾ? ಊಹೆ ಮಾಡಿ ಒಂದು ಸಲ ಪಟ್ಟ ಪಾಡು ಸಾಕು. ಪರೀಕ್ಷಕಿ ನಾನು. ಬಾಯಿಬಿಟ್ಟು ಹೇಳಿದ್ರೆ ಮಾತ್ರ ಒಪ್ಕೊಳ್ಳೋದು."

ಅವನು ತುಟಿಯ ಕೊನೆ ಕಚ್ಚಿಕೊಂಡ. ಕೀಲಿಕೈ ಜೇಬಿಗಿಳಿಸಿದ.

"ನಂಗೆ ನೀವಂದ್ರೆ ತುಂಬಾ ಇಷ್ಟ. ಅವತ್ತು ರಬ್ಬರ್ ಕೊಟ್ಟ ದಿನದಿಂದ. ಗುರುವಾರ ಅನ್ನೋದು ವಾರಕ್ಕೆ ಒಂದೇ ಯಾಕಿದೆ ಅಂತ ಸಿಟ್ಟು ಬರುತ್ತೆ. ನೀವು ಒಪ್ಕೊಂಡ್ರೆ ಮದುವೆ ಆಗಬೇಕು ಅಂತ ಆಸೆ. ಒಪ್ಕೊಳ್ದೇ ಇದ್ರೂ ಪಜಲ್ ಮಾತ್ರ ವಾಪಸ್ ಕಳಿಸಬೇಡಿ." ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ಹೆದರಿದ ಮುಖದಲ್ಲಿ ಅವಳನ್ನು ನೋಡಿದ. "ಸಾಕಾ?"

"ಸಾಕು," ಎಂದಳು ಅವಳು. "ನಂಗೂ ಇಷ್ಟ. ಈ ಕುರ್ಚಿಯಲ್ಲಿ ಕೂರಿಸಿ ಇದಾ ಇದಾ ಅಂತ ಕೇಳಿದ್ರಲ್ಲ, ಅವತ್ತಿಂದ. ಮಸೂರ ಯಾವುದು ಹಾಕಿದ್ರೂ ಕಣ್ಣಿಗೆ ನೀವೇ ಬೀಳ್ತಿದ್ರಿ. ಅದಕ್ಕೇ ಎರಡೂ ಒಂದೇ ಥರ ಇದೆ ಅಂದಿದ್ದು."

"ಹಾಗಾದ್ರೆ ಆ ಕನ್ನಡಕದ ನಂಬರ್ ಸರಿ ಇದೆಯೋ ಇಲ್ವೋ!" ಎಂದು ಅವನು ನಿಜವಾಗಿಯೂ ಗಾಬರಿಯಾದ.

*

ಸರಿ ಮಾಡಿದ ಪಜಲನ್ನು ಅವಳು ಆ ದಿನವೇ ಕಚೇರಿಯಲ್ಲಿ ಮತ್ತೆ ಪರೀಕ್ಷೆಗೆ ತೆಗೆದುಕೊಂಡಳು. ಒಂಬತ್ತನೇ ಸಾಲಿನ ಮಚ್ಚೆ ಈಗ ತನ್ನ ಜಾಗದಲ್ಲಿತ್ತು. ಅಂಗಡಿಗೆ ಬೀಗ ಹಾಕಿ ಬಂದ ಅವನು ಎದುರಿನ ಕುರ್ಚಿಯಲ್ಲಿ ಕೂತಿದ್ದ. ಮಾತಾಡಕೂಡದು, ಸನ್ನೆ ಮಾಡಕೂಡದು, ಹುಬ್ಬು ಕೂಡ ಏರಿಸಕೂಡದು ಎಂದು ಅಪ್ಪಣೆಯಾಗಿತ್ತು. ಅವಳು ಯಾವ ಉಪಾಯಕ್ಕೂ ಕೈ ಹಾಕದೆ, ಯಾವುದನ್ನೂ ನಂಬಿ ಬಿಡದೆ, ಮನೆ ಮನೆಗೂ ಹೋಗಿ ಬಾಗಿಲು ತಟ್ಟಿ ನೋಡಿದಳು. ಪದಬಂಧದವರು ಚಹಾ ತಂದಿಟ್ಟು, ಅವನತ್ತ ಕಣ್ಣು ಮಿಟುಕಿಸಿ ಹೋದರು. ಚಹಾ ಆರಿತು.

ಸಂಜೆಯ ಬಿಸಿಲು ಮೇಜಿನ ಅಂಚಿಗೆ ಬಂದಾಗ ಅವಳು ಕೊನೆಯ ಮನೆಗೆ ಅಂಕಿ ತುಂಬಿದಳು. ಕೆಳಗೆ ಕೆಂಪಕ್ಷರದಲ್ಲಿ ಬರೆದಳು: ಒಂದೇ ಉತ್ತರ. ಯೋಗ್ಯ.

"ಈಗ ಮಾತಾಡಬಹುದಾ?" ಎಂದ ಅವನು.

"ಮಾತಾಡು."

ಬಹುವಚನ ಎಲ್ಲಿ ಬಿದ್ದುಹೋಯಿತೆಂದು ಅವಳಿಗೇ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು, ಮುಖವೆಲ್ಲ ನಗುವಾಯಿತು. ಮೇಜಿನ ಮೇಲಿದ್ದ ರಬ್ಬರನ್ನು ಎತ್ತಿಕೊಂಡು ತನ್ನ ಜೇಬಿಗೆ ಹಾಕಿಕೊಂಡ.

"ಅದು ಯಾಕೆ? ಕೊಡು ಇಲ್ಲಿ, ನಾಳೆ ನಂಗೆ ಕೆಲಸ ಇದೆ."

"ನನ್ನ ಹತ್ರಾನೇ ಇರಲಿ. ಆ ಮಚ್ಚೆನ ಇನ್ನೊಂದು ಸಲ ಅಳಿಸೋ ಧೈರ್ಯ ಯಾರಿಗೂ ಬರಬಾರದು."

"ಅಳಿಸಿದ್ರೂ ಹೋಗಲ್ಲ ಅಂತ ಅವತ್ತೇ ಹೇಳಿದ್ನಲ್ಲ," ಎಂದಳು ಅವಳು, ಗದ್ದಕ್ಕೆ ಪೆನ್ಸಿಲ್ ಒತ್ತಿಕೊಂಡು. ಆಮೇಲೆ ಪೆನ್ಸಿಲನ್ನು ಕೆಳಗಿಟ್ಟು, ಆರಿದ ಚಹಾವನ್ನು ಇಬ್ಬರಿಗೂ ಅರ್ಧರ್ಧ ಬಗ್ಗಿಸಿದಳು.